ನೆರೆ ಇಳಿದ ಮೇಲೆ ಉಳಿದ ಮಾತು

ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ಅಮೆರಿಕದ ಉತ್ತರ ಡಕೋಟ ಮತ್ತು ಮಿನ್ನೆಸೋಟ ರಾಜ್ಯಗಳ ನಡುವಿನ ಗಡಿಯಾಗಿ ಸಾಗಿ, ಕೆನಡಾ ಪ್ರವೇಶಿಸಿ, ಕೊನೆಗೆ ವಿನ್ನಿಪೆಗ್ ಸರೋವರವನ್ನು ಸೇರುತ್ತದೆ. ಅದು ಹರಿಯುವ ದಿಕ್ಕಿನಲ್ಲಿಯೇ ಆ ಕಣಿವೆಯ ಕಷ್ಟವೂ ಅಡಗಿದೆ. ವಸಂತ ಬಂದಾಗ ದಕ್ಷಿಣದ ಹಿಮ ಮೊದಲು ಕರಗುತ್ತದೆ. ಆದರೆ ನೀರು ಹರಿದು ಹೋಗಬೇಕಾದ ಉತ್ತರದಲ್ಲಿ ನದಿ ಇನ್ನೂ ಮಂಜುಗಡ್ಡೆಯಾಗಿಯೇ ಇರುತ್ತದೆ. ಮುಂದೆ ಹೋಗಲು ದಾರಿಯಿಲ್ಲದ ನೀರು ಇಕ್ಕೆಲಗಳಿಗೆ ಹರಡುತ್ತದೆ. ಹಿಮಯುಗದ ಕೊನೆಯಲ್ಲಿದ್ದ ಅಗಸ್ಸಿ ಎಂಬ ಬೃಹತ್ ಸರೋವರದ ತಳವೇ ಇಂದಿನ ಈ ಬಯಲು. ಅಂಗೈಯಷ್ಟು ಸಮತಟ್ಟಾದ ಈ ನೆಲದಲ್ಲಿ ನೀರನ್ನು ತಡೆಯಲು ಒಂದು ದಿಣ್ಣೆಯೂ ಇಲ್ಲ.

ಈ ನದಿಯ ದಡದಲ್ಲಿರುವ ಊರು ಗ್ರ್ಯಾಂಡ್ ಫೋರ್ಕ್ಸ್. 1997ರ ಏಪ್ರಿಲ್‌ನಲ್ಲಿ ಅಲ್ಲಿ ಬಂದ ನೆರೆಯನ್ನೂ, ನೆರೆ ಇಳಿದ ಮೇಲೆ ಅಲ್ಲಿನ ಒಂದು ಕಲಾ ಸಂಗ್ರಹಾಲಯ ಮಾಡಿದ ಕೆಲಸವನ್ನೂ ಒಟ್ಟಿಗೆ ನೋಡಿದರೆ ಒಂದು ಪ್ರಶ್ನೆ ಎದುರಾಗುತ್ತದೆ. ಊರೊಂದಕ್ಕೆ ದೊಡ್ಡ ಆಪತ್ತು ಒದಗಿದಾಗ ಅದರ ಕತೆಯನ್ನು ಉಳಿಸುವವರು ಯಾರು? ಉಳಿಸುವುದು ಹೇಗೆ?

ಐದು ಅಡಿಯ ವ್ಯತ್ಯಾಸ

ಆ ವರ್ಷದ ಚಳಿಗಾಲದಲ್ಲಿ ಗ್ರ್ಯಾಂಡ್ ಫೋರ್ಕ್ಸ್ ಎಂಟು ಹಿಮ ಬಿರುಗಾಳಿಗಳನ್ನು ಕಂಡಿತು. ಊರಿನ ದಿನಪತ್ರಿಕೆ 'ಗ್ರ್ಯಾಂಡ್ ಫೋರ್ಕ್ಸ್ ಹೆರಾಲ್ಡ್' ಬಿರುಗಾಳಿಗಳಿಗೆ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುವ ರೂಢಿ ಇಟ್ಟುಕೊಂಡಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಬೀಸಿದ ಎಂಟನೆಯದಕ್ಕೆ 'ಹ್ಯಾನಾ' ಎಂದು ಹೆಸರಾಯಿತು. ಅಷ್ಟರಲ್ಲಿ ಊರಿನ ಮೇಲೆ ಸುಮಾರು ನೂರು ಇಂಚು ಹಿಮ ಸುರಿದಿತ್ತು. ಅದೆಲ್ಲ ಕರಗಿ ನೀರಾದಾಗ ಏನಾಗುತ್ತದೆ ಎಂಬುದು ಎಲ್ಲರ ಚಿಂತೆ.

ನದಿ 49 ಅಡಿಯವರೆಗೆ ಏರಬಹುದು ಎಂದು ಹವಾಮಾನ ಇಲಾಖೆ ಅಂದಾಜು ಮಾಡಿತ್ತು. ಜನ ಆ ಲೆಕ್ಕವನ್ನು ನಂಬಿ, ಅದಕ್ಕಿಂತ ತುಸು ಎತ್ತರಕ್ಕೇ ಒಡ್ಡು ಕಟ್ಟಿದರು. ಶಾಲೆಯ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಸಾಲುನಿಂತು ಮರಳಿನ ಮೂಟೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ನದಿ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಏಪ್ರಿಲ್ 18ರಂದು ಒಡ್ಡುಗಳು ಒಂದೊಂದಾಗಿ ಸೋತವು. ಕೊನೆಗೆ ನೀರು ಮುಟ್ಟಿದ ಮಟ್ಟ 54.35 ಅಡಿ. ಅಂದಾಜಿಗೂ ವಾಸ್ತವಕ್ಕೂ ಐದು ಅಡಿಗಿಂತ ಹೆಚ್ಚಿನ ವ್ಯತ್ಯಾಸ. ಊರು ಮುಳುಗಲು ಅಷ್ಟು ಸಾಕಾಯಿತು.

ಗ್ರ್ಯಾಂಡ್ ಫೋರ್ಕ್ಸ್ ಮತ್ತು ನದಿಯಾಚೆಯ ಈಸ್ಟ್ ಗ್ರ್ಯಾಂಡ್ ಫೋರ್ಕ್ಸ್ ಎರಡರಿಂದಲೂ ಸೇರಿ ಸುಮಾರು 50 ಸಾವಿರ ಜನ ಮನೆ ಬಿಟ್ಟು ಹೊರಟರು. ಸಾವಿರಾರು ಮಂದಿಗೆ ಸಮೀಪದ ವಾಯುನೆಲೆಯ ವಿಮಾನ ನಿಲ್ಲಿಸುವ ಕೊಟ್ಟಿಗೆಗಳೇ ಆಶ್ರಯವಾದವು. ಏಪ್ರಿಲ್ 19ರಂದು ನೀರು ತುಂಬಿದ ಪೇಟೆ ಬೀದಿಯಲ್ಲಿ ಬೆಂಕಿ ಹೊತ್ತಿಕೊಂಡಿತು. ಅಗ್ನಿಶಾಮಕ ದಳದವರು ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದರು. ಆದರೆ ಕೊಳವೆಯಲ್ಲಿ ಬೆಂಕಿ ಆರಿಸುವಷ್ಟು ಒತ್ತಡದ ನೀರಿರಲಿಲ್ಲ. ಹನ್ನೊಂದು ಕಟ್ಟಡಗಳು ಸುಟ್ಟುಹೋದವು. ಸುತ್ತ ನೀರು, ನಡುವೆ ಉರಿಯುವ ಕಟ್ಟಡ: ಈ ದೃಶ್ಯವನ್ನು ಟೆಲಿವಿಷನ್ ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು.

ಸುಟ್ಟ ಕಟ್ಟಡಗಳಲ್ಲಿ 'ಹೆರಾಲ್ಡ್' ಕಚೇರಿಯೂ ಒಂದು. 1879ರಲ್ಲಿ, ಉತ್ತರ ಡಕೋಟ ಇನ್ನೂ ರಾಜ್ಯವೇ ಆಗಿರದಿದ್ದಾಗ, ಆರಂಭವಾದ ಪತ್ರಿಕೆ ಅದು. ಬೆಂಕಿಯಲ್ಲಿ ಅದರ ಕಡತಗಳು, ಸುದ್ದಿ ತುಣುಕುಗಳ ಸಂಗ್ರಹ, ಛಾಯಾಚಿತ್ರಗಳು ಬೂದಿಯಾದವು. ಆದರೂ ಪತ್ರಿಕೆ ಒಂದು ದಿನವೂ ನಿಲ್ಲಲಿಲ್ಲ. ಸಿಬ್ಬಂದಿ ಮ್ಯಾನ್‌ವೆಲ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಕುಳಿತು ಸುದ್ದಿ ಬರೆದರು. ನೂರಾರು ಕಿಲೋಮೀಟರ್ ದೂರದ ಸೇಂಟ್ ಪಾಲ್ ನಗರದಲ್ಲಿ ಪತ್ರಿಕೆ ಮುದ್ರಣವಾಗಿ, ನಿರಾಶ್ರಿತರ ಶಿಬಿರಗಳಿಗೆ ಉಚಿತವಾಗಿ ಹಂಚಿಕೆಯಾಯಿತು. 1998ರಲ್ಲಿ ಸಾರ್ವಜನಿಕ ಸೇವೆಗಾಗಿ ಪುಲಿಟ್ಜರ್ ಪ್ರಶಸ್ತಿ ಅದಕ್ಕೆ ಸಂದಿತು. ದಿನದಿನದ ಸುದ್ದಿ ಹೀಗೆ ಉಳಿಯಿತು. ಆದರೆ ಊರಿನ ಶತಮಾನಕ್ಕೂ ಮಿಕ್ಕಿದ ನೆನಪಿನ ಭಂಡಾರ ಹೋಗಿತ್ತು.

ಕ್ಯಾಮೆರಾಗಳು ಹೋದ ಮೇಲೆ

ನೆರೆಯ ಸುದ್ದಿಗೆ ಒಂದು ಆಯುಷ್ಯವಿದೆ. ನೀರು ಏರುವಾಗ ಸುದ್ದಿ, ಒಡ್ಡು ಒಡೆದಾಗ ಸುದ್ದಿ, ಅಧ್ಯಕ್ಷರು ಬಂದಾಗ ಸುದ್ದಿ. ಏಪ್ರಿಲ್ 22ರಂದು ಅಧ್ಯಕ್ಷ ಕ್ಲಿಂಟನ್ ಬಂದು ಹೋದರು. ಜನರ ನಿಜವಾದ ಕಷ್ಟ ಶುರುವಾಗಿದ್ದು ಅದಾದ ಮೇಲೆ. ಮನೆಗೆ ಮರಳಿದವರು ಕಂಡದ್ದು ಕೆಸರು ತುಂಬಿದ ನೆಲಮಾಳಿಗೆ, ಉಬ್ಬಿ ಒಡೆದ ಮರದ ಸಾಮಾನು, ಬೂಸಲು ಹಿಡಿದ ಗೋಡೆ. ಬೀದಿಯುದ್ದಕ್ಕೂ ಮನೆಗಳ ಮುಂದೆ ಹಾಸಿಗೆ, ಕುರ್ಚಿ, ಪುಸ್ತಕ, ಬಟ್ಟೆಗಳ ರಾಶಿ ಬಿತ್ತು. ಅವನ್ನು ಲಾರಿಗಳು ಹೊತ್ತೊಯ್ದವು. ನದಿಯಂಚಿನ ಲಿಂಕನ್ ಡ್ರೈವ್ ಬಡಾವಣೆ ಮತ್ತೆ ಬಡಾವಣೆಯಾಗಲೇ ಇಲ್ಲ. ಹೊಸ ಒಡ್ಡುಗಳಿಗಾಗಿ ಅಲ್ಲಿನ ಮನೆಗಳನ್ನು ಕೆಡವಲಾಯಿತು.

ಇಂಥ ಹೊತ್ತಿನಲ್ಲಿ ಸುದ್ದಿಗೂ ಊರಿಗೂ ಇರುವ ಸಂಬಂಧ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಪ್ರಸಂಗ ಸಾಕು. ಹೆಸರು ಹೇಳಬಯಸದ ದಾನಿಯೊಬ್ಬರು ಒಂದೂವರೆ ಕೋಟಿ ಡಾಲರ್ ಕೊಟ್ಟರು. ನೆರೆಯಿಂದ ನೊಂದ ಪ್ರತಿ ಕುಟುಂಬಕ್ಕೆ 2,000 ಡಾಲರ್ ಸಿಕ್ಕಿತು. ಜನ ಆ ದಾನಿಯನ್ನು ದೇವತೆ ಎಂದೇ ಕರೆದರು. 'ಹೆರಾಲ್ಡ್' ಮಾತ್ರ ಹುಡುಕಿ, ಅವರು ಮೆಕ್‌ಡೊನಾಲ್ಡ್ಸ್ ಸಂಸ್ಥೆಯನ್ನು ಬೆಳೆಸಿದ ರೇ ಕ್ರಾಕ್ ಅವರ ಪತ್ನಿ ಜೋನ್ ಕ್ರಾಕ್ ಎಂದು ಪ್ರಕಟಿಸಿತು. ಪತ್ರಿಕೆಯ ಲೆಕ್ಕದಲ್ಲಿ ಅದು ಸುದ್ದಿ. ಆದರೆ ಅದೇ ಪತ್ರಿಕೆಯನ್ನು ಶಿಬಿರದಲ್ಲಿ ಕಾದು ಓದಿದ್ದ ಅನೇಕರು ಮುನಿದರು. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂದು ತೀರ್ಮಾನಿಸುವ ಹಕ್ಕು ನಮಗೂ ಇದೆ ಎಂಬುದು ಆ ಮುನಿಸಿನ ಅರ್ಥ.

ವ್ಯಾಯಾಮ ಶಾಲೆಯೊಳಗಿನ ಸಂಗ್ರಹಾಲಯ

ಊರಿನ ವಿಶ್ವವಿದ್ಯಾಲಯದ ಆವರಣದಲ್ಲಿ ಉತ್ತರ ಡಕೋಟ ಕಲಾ ಸಂಗ್ರಹಾಲಯವಿದೆ. 1970ರ ದಶಕದಲ್ಲಿ ವಿದ್ಯಾರ್ಥಿ ಭವನದ ಒಂದು ಗ್ಯಾಲರಿಯಾಗಿ ಇದನ್ನು ಕಟ್ಟಲು ತೊಡಗಿದವರು ಲಾರೆಲ್ ರಾಯ್ಟರ್. 1981ರಲ್ಲಿ ರಾಜ್ಯ ಶಾಸನಸಭೆ ಇದಕ್ಕೆ ರಾಜ್ಯದ ಅಧಿಕೃತ ಕಲಾ ಗ್ಯಾಲರಿಯ ಮಾನ್ಯತೆ ನೀಡಿತು. 1989ರಲ್ಲಿ ಸಂಗ್ರಹಾಲಯ ಈಗಿನ ಕಟ್ಟಡಕ್ಕೆ ಬಂತು. ಆ ಕಟ್ಟಡ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ವ್ಯಾಯಾಮ ಶಾಲೆ. ನ್ಯೂಯಾರ್ಕ್, ಷಿಕಾಗೊಗಳ ದೊಡ್ಡ ಸಂಗ್ರಹಾಲಯಗಳ ಹಣವಾಗಲಿ ವೈಭವವಾಗಲಿ ಇಲ್ಲಿಲ್ಲ.

ನೆರೆಯ ನಂತರ ಸ್ಥಾಪಕ ನಿರ್ದೇಶಕಿ ರಾಯ್ಟರ್ ಎದುರು ಎರಡು ದಾರಿಗಳಿದ್ದವು. ಮುಳುಗಿದ ಊರಿನಲ್ಲಿ ಕಲೆಗೇನು ಕೆಲಸ ಎಂದು ಬಾಗಿಲು ಮುಚ್ಚಿ ಕಾಯುವುದು ಒಂದು. ಮುಳುಗಿದ ಊರೇ ಈಗ ನಮ್ಮ ವಿಷಯ ಎಂದು ಹೊರಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿದರು. ಜನರ ಬಾಯಿಂದಲೇ ನೆರೆಯ ಅನುಭವಗಳನ್ನು ಸಂಗ್ರಹಿಸುವ ಕೆಲಸಕ್ಕೆ ಸಂಗ್ರಹಾಲಯ ಆಸರೆಯಾಯಿತು. ನಗರಸಭೆಯ ಸದಸ್ಯರೂ ಶಾಸಕರೂ ಆಗಿದ್ದ ಎಲಿಯಟ್ ಗ್ಲಾಸ್‌ಹೀಮ್ ಸಂಪಾದಿಸಿದ ಮೌಖಿಕ ಇತಿಹಾಸದ ಪುಸ್ತಕವನ್ನು 1999ರಲ್ಲಿ ಪ್ರಕಟಿಸಿತು. ಜತೆಗೆ ಮೇರಿ ಲೂಸಿಯರ್ ಎಂಬ ವಿಡಿಯೊ ಕಲಾವಿದೆಯನ್ನು ಊರಿಗೆ ಕರೆಸಿಕೊಂಡಿತು.

ಕಲಾವಿದರನ್ನು ಹೀಗೆ ಕರೆಸಿ, ಊರಿನಲ್ಲೇ ಇದ್ದು ಕೃತಿ ರಚಿಸುವಂತೆ ಕೇಳುವ ಪದ್ಧತಿ ಪಾಶ್ಚಾತ್ಯ ಸಂಗ್ರಹಾಲಯಗಳಲ್ಲಿ ಹೊಸದಲ್ಲ. ಸಾಮಾನ್ಯವಾಗಿ ಕಲಾವಿದರಿಗೆ ಸ್ಟುಡಿಯೊ, ಊಟ ವಸತಿ, ಸ್ವಲ್ಪ ಹಣ ಸಿಗುತ್ತದೆ. ಸಂಗ್ರಹಾಲಯಕ್ಕೆ ಒಂದು ಕೃತಿ ಸಿಗುತ್ತದೆ. ಊರಿನವರು ಅದನ್ನು ಹೊರಗೆ ನಿಂತು ನೋಡುವವರು. ಇಲ್ಲಿ ಆ ವ್ಯವಸ್ಥೆ ತಿರುವುಮುರುವಾಯಿತು. ಕೃತಿಯ ಸಾಮಗ್ರಿಯೇ ಊರಿನವರ ಮಾತು. ಅವರು ಬಾಯಿ ಬಿಡದಿದ್ದರೆ ಕೃತಿಯೇ ಇಲ್ಲ.

ಸೂರ್ಯ ಸುಟ್ಟ ಗೆರೆ

ಮೇರಿ ಲೂಸಿಯರ್ ಹುಟ್ಟಿದ್ದು 1944ರಲ್ಲಿ, ಒಹಾಯೊ ರಾಜ್ಯದ ಬುಸೈರಸ್ ಎಂಬ ಊರಿನಲ್ಲಿ. ಅವರು ಕಲಾಕ್ಷೇತ್ರಕ್ಕೆ ಬಂದ ಕಾಲಕ್ಕೆ ವಿಡಿಯೊ ಇನ್ನೂ ಹಸುಗೂಸು. 1967ರ ಸುಮಾರಿಗೆ ಸೋನಿ ಕಂಪೆನಿಯ 'ಪೋರ್ಟಪ್ಯಾಕ್' ಮಾರುಕಟ್ಟೆಗೆ ಬಂತು. ಅಲ್ಲಿಯವರೆಗೆ ಟೆಲಿವಿಷನ್ ಚಿತ್ರೀಕರಣವೆಂದರೆ ಸ್ಟುಡಿಯೊ, ಭಾರಿ ಕ್ಯಾಮೆರಾ, ತಂತ್ರಜ್ಞರ ಪಡೆ. ಈಗ ಒಬ್ಬರೇ ಹೆಗಲಿಗೆ ಯಂತ್ರ ತೂಗುಹಾಕಿಕೊಂಡು ಚಿತ್ರ, ಧ್ವನಿ ಎರಡನ್ನೂ ಹಿಡಿಯಬಹುದಿತ್ತು. ಸಿನಿಮಾ ರೀಲಿನಂತೆ ತೊಳೆದು ಸಂಸ್ಕರಿಸುವ ಗೋಜಿಲ್ಲ. ಹಿಡಿದ ಕೂಡಲೇ ತಿರುಗಿ ನೋಡಬಹುದು. ಬೇಡವೆಂದರೆ ಅದೇ ಟೇಪಿನ ಮೇಲೆ ಮತ್ತೆ ಹಿಡಿಯಬಹುದು. 1971ರಲ್ಲಿ ಸಿರಾಕ್ಯೂಸ್ ನಗರದ ಎವರ್ಸನ್ ಸಂಗ್ರಹಾಲಯ ವಿಡಿಯೊಗೆಂದೇ ವಿಭಾಗ ತೆರೆದಾಗ ಅಂಥ ವಿಭಾಗ ಅಮೆರಿಕದಲ್ಲಿ ಬೇರೆಲ್ಲೂ ಇರಲಿಲ್ಲ.

ಲೂಸಿಯರ್ ಅವರಿಗೆ ಹೆಸರು ತಂದ ಆರಂಭದ ಕೃತಿ 1975ರ 'ಡಾನ್ ಬರ್ನ್'. ಏಳು ಮುಂಜಾವುಗಳಲ್ಲಿ ಅವರು ನ್ಯೂಯಾರ್ಕಿನ ಈಸ್ಟ್ ನದಿಯಾಚೆ ಮೂಡುವ ಸೂರ್ಯನತ್ತ ನೇರವಾಗಿ ಕ್ಯಾಮೆರಾ ಇಟ್ಟರು. ಕ್ಯಾಮೆರಾ ಕಂಪೆನಿಗಳು ಮಾಡಲೇಬೇಡಿ ಎಂದು ಎಚ್ಚರಿಸುತ್ತಿದ್ದ ಕೆಲಸ ಅದು. ಅಂದಿನ ಕ್ಯಾಮೆರಾದೊಳಗೆ ವಿಡಿಕಾನ್ ಎಂಬ ನಳಿಕೆ ಇರುತ್ತಿತ್ತು. ಬಿಸಿಲಿನ ತೀಕ್ಷ್ಣ ಬೆಳಕು ಬಿದ್ದರೆ ಆ ನಳಿಕೆ ಸುಟ್ಟು ಶಾಶ್ವತ ಕಲೆ ಉಳಿಯುತ್ತಿತ್ತು. ಸೂರ್ಯ ಮೇಲೇರಿದ ದಾರಿಯುದ್ದಕ್ಕೂ ಚಿತ್ರದಲ್ಲಿ ಒಂದು ಗೆರೆ ಮೂಡಿತು. ಮಾರನೆಯ ದಿನ ಇನ್ನೊಂದು ಗೆರೆ ಅದಕ್ಕೆ ಸೇರಿತು. ಏಳನೆಯ ದಿನದ ಸೂರ್ಯೋದಯದಲ್ಲಿ ಹಿಂದಿನ ದಿನಗಳ ಗಾಯಗಳೂ ಕಾಣುತ್ತವೆ. ಕಂಡದ್ದು ಕಣ್ಣಿನಲ್ಲಿ ಗುರುತು ಬಿಟ್ಟು ಹೋಗುತ್ತದೆ, ಮುಂದೆ ಕಾಣುವುದನ್ನೆಲ್ಲ ಆ ಗುರುತಿನ ಮೂಲಕವೇ ಕಾಣಬೇಕಾಗುತ್ತದೆ. ಇಂಥ ಕಲಾವಿದೆಯನ್ನು ನೆರೆ ಹೊಡೆದ ಊರಿಗೆ ಕರೆದದ್ದು ಯೋಗ್ಯ ಆಯ್ಕೆಯೇ ಸರಿ.

ಫೋಗೊ ದ್ವೀಪದ ಪಾಠ

ಜನರ ಮಾತನ್ನು ಚಲಿಸುವ ಚಿತ್ರದಲ್ಲಿ ಹಿಡಿದು ಜನರಿಗೇ ತೋರಿಸುವ ಕೆಲಸಕ್ಕೆ ಇದಕ್ಕೂ ಮೂವತ್ತು ವರ್ಷ ಹಿಂದಿನ ಒಂದು ಮಾದರಿಯಿದೆ. ಅದು ಕೆನಡಾದ ನ್ಯೂಫೌಂಡ್‌ಲೆಂಡ್ ಕರಾವಳಿಯ ಫೋಗೊ ದ್ವೀಪದಲ್ಲಿ 1967ರಲ್ಲಿ ನಡೆಯಿತು. ಮೀನುಗಾರರ ಆ ದ್ವೀಪವನ್ನು ತೆರವು ಮಾಡಿಸಿ ಜನರನ್ನು ಬೇರೆಡೆಗೆ ಸಾಗಿಸುವ ಯೋಚನೆ ಸರಕಾರದಲ್ಲಿತ್ತು. ಕೆನಡಾದ ರಾಷ್ಟ್ರೀಯ ಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಅಲ್ಲಿಗೆ ಹೋಗಿ, ಇಪ್ಪತ್ತಕ್ಕೂ ಹೆಚ್ಚು ಕಿರುಚಿತ್ರಗಳನ್ನು ತಯಾರಿಸಿದರು. ಅವುಗಳಲ್ಲಿ ದ್ವೀಪದ ಜನ ತಮ್ಮ ತೊಂದರೆಗಳನ್ನು ತಾವೇ ಹೇಳಿದರು. ಚಿತ್ರಗಳನ್ನು ಮೊದಲು ದ್ವೀಪದ ಹಳ್ಳಿಗಳಲ್ಲೇ ಪ್ರದರ್ಶಿಸಲಾಯಿತು. ಪರಸ್ಪರ ಮಾತಿಲ್ಲದೆ ದೂರವಾಗಿದ್ದ ಹಳ್ಳಿಗಳ ಜನ, ಪಕ್ಕದೂರಿನವರ ಕಷ್ಟವೂ ತಮ್ಮದೇ ಎಂದು ಪರದೆಯ ಮೇಲೆ ಕಂಡುಕೊಂಡರು. ಬಳಿಕ ಚಿತ್ರಗಳನ್ನು ಸರಕಾರದವರಿಗೆ ತೋರಿಸಲಾಯಿತು. ಮುಂದೆ ದ್ವೀಪದವರು ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು.

ಅಲ್ಲಿ ಬಳಸಿದ್ದು ಸಿನಿಮಾ ರೀಲು. ವಿಡಿಯೊ ಬಂದ ಮೇಲೆ ಈ ಬಗೆಯ ಕೆಲಸ ಇನ್ನಷ್ಟು ಸುಲಭವಾಯಿತು. ಫೋಗೊ ಕಲಿಸಿದ ಪಾಠ ಯಂತ್ರಕ್ಕಿಂತ ದೊಡ್ಡದು. ಹೇಳಿದವರು ತಾವು ಹೇಳಿದ್ದನ್ನು ಮೊದಲು ನೋಡಬೇಕು. ಹೊರಗಿನವರು ನೋಡುವುದು ಆಮೇಲೆ.

ನೆರೆಯ ಹಾಡುಗಳು

ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಲೂಸಿಯರ್ ನೆರೆಯನ್ನು ಅನುಭವಿಸಿದವರನ್ನು ಕಂಡು ಮಾತಾಡಿಸಿದರು. ಹಾಳಾದ ಮನೆಗಳ ಒಳಗೆ ಕ್ಯಾಮೆರಾ ಹಿಡಿದು ನಡೆದರು. 1998ರಲ್ಲಿ ಸಿದ್ಧವಾದ ಕೃತಿಗೆ 'ಫ್ಲಡ್‌ಸಾಂಗ್ಸ್', ಅಂದರೆ ನೆರೆಯ ಹಾಡುಗಳು, ಎಂದು ಹೆಸರಿಟ್ಟರು. ಇದು ಕುರ್ಚಿಯಲ್ಲಿ ಕುಳಿತು ಒಂದೇ ಪರದೆಯಲ್ಲಿ ನೋಡುವ ಸಾಕ್ಷ್ಯಚಿತ್ರದಂತಲ್ಲ. ಕೋಣೆಯೊಂದನ್ನೇ ಕೃತಿಯಾಗಿ ಮಾಡುವ, ಕಲಾ ವಿಮರ್ಶಕರು ಪ್ರತಿಷ್ಠಾಪನೆ ಎಂದು ಕರೆಯುವ ಬಗೆ. ಒಂದು ಕಡೆ ಊರಿನವರ ಮುಖಗಳು, ಅವರ ಮಾತುಗಳು. ಇನ್ನೊಂದು ಕಡೆ ನೀರು ಹೊಕ್ಕು ಹೊರಟ ಮನೆಗಳ ಒಳಾಂಗಣ. ಪ್ರೇಕ್ಷಕರು ಇವುಗಳ ನಡುವೆ ನಿಂತು ಕೇಳಬೇಕು.

ಸುದ್ದಿಯ ವಿಡಿಯೊಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಟೆಲಿವಿಷನ್ ವರದಿಯಲ್ಲಿ ಸಂತ್ರಸ್ತರಿಗೆ ಸಿಗುವುದು ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಅಳು ಬಂದರೆ ಅದು ಪ್ರಸಾರವಾಗುತ್ತದೆ; ಯೋಚಿಸುತ್ತ ಸುಮ್ಮನಾದರೆ ಕತ್ತರಿಗೆ ಹೋಗುತ್ತದೆ. ಕಲಾವಿದೆಗೆ ಅಂಥ ಅವಸರವಿಲ್ಲ. ನೀರು ಬಂದ ದಿನ ಏನಾಯಿತು ಎಂಬುದರ ಜತೆಗೆ, ಆಮೇಲೆ ಬದುಕು ಹೇಗಾಯಿತು ಎಂದೂ ಕೇಳಲು ಅವರಿಗೆ ಸಮಯವಿತ್ತು. ಮನೆ ಕಳೆದುಕೊಂಡವರಿಗೆ ಪರಿಹಾರದ ಅರ್ಜಿ ತುಂಬಿಸಿಕೊಳ್ಳುವ ಅಧಿಕಾರಿಗಳು ಸಿಗುತ್ತಾರೆ, ಪ್ರಶ್ನೆ ಕೇಳುವ ವರದಿಗಾರರು ಸಿಗುತ್ತಾರೆ. ಸುಮ್ಮನೆ ಕುಳಿತು ಕೇಳುವವರು ಸಿಗುವುದು ಅಪರೂಪ. ಸಂಗ್ರಹಾಲಯ ಕಲಾವಿದೆಯ ಮೂಲಕ ಮಾಡಿದ್ದು ಈ ಕೇಳುವ ಕೆಲಸವನ್ನು.

ಯಾರ ದುಃಖ, ಯಾರ ಕೃತಿ?

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. ನ್ಯೂಯಾರ್ಕಿನ ಕಲಾವಿದೆ ಬಂದು, ನೊಂದವರ ಮಾತನ್ನು ಟೇಪಿನಲ್ಲಿ ಹಿಡಿದು, ತಮ್ಮ ಹೆಸರಿನಲ್ಲಿ ಕೃತಿ ಮಾಡಿದರೆ ಲಾಭ ಯಾರಿಗೆ? ಮನೆ ಹೋದದ್ದು ಊರಿನವರದು, ಕೀರ್ತಿ ಬಂದದ್ದು ಕಲಾವಿದೆಗೆ ಎಂದು ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. 'ಫ್ಲಡ್‌ಸಾಂಗ್ಸ್' 1999ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿತು. ವಿಡಿಯೊ ಕಲಾವಿದರಿಗೆ ಅದಕ್ಕಿಂತ ದೊಡ್ಡ ವೇದಿಕೆ ಕಡಿಮೆ.

ಆದರೆ ಕ್ರಮವನ್ನು ನೋಡಬೇಕು. ಕೃತಿಯನ್ನು ಮಾಡಿಸಿದ್ದು ನೆರೆ ಕಂಡ ಊರಿನದೇ ಸಂಗ್ರಹಾಲಯ. ಮೊದಲು ತೋರಿಸಿದ್ದು ಆ ಊರಿನಲ್ಲೇ, ಮಾತಾಡಿದವರ ಎದುರಿನಲ್ಲೇ. ಅಲ್ಲಿ ಸುಳ್ಳು ನಡೆಯುವುದಿಲ್ಲ. ನೀರು ಎಷ್ಟು ಬಂತು, ಯಾವ ಬೀದಿ ಹೋಯಿತು ಎಂಬುದನ್ನು ಬಲ್ಲವರೇ ಪ್ರೇಕ್ಷಕರು. ಫೋಗೊ ದ್ವೀಪದ ಕ್ರಮವೂ ಇದೇ ಆಗಿತ್ತು. ಹೊರಗಿನವರು ಬಂದು ಕತೆ ಹೇಳುವುದು ತಪ್ಪಲ್ಲ; ಕತೆಯೊಳಗಿನವರಿಗೆ ತೋರಿಸದೆ ಹೊತ್ತೊಯ್ಯುವುದು ತಪ್ಪು.

ಊರಿನವರಲ್ಲದ ಕಲಾವಿದರಿಂದ ಒಂದು ಅನುಕೂಲವೂ ಉಂಟು. ನೆರೆಯಲ್ಲಿ ಎಲ್ಲರೂ ಕಳೆದುಕೊಂಡವರೇ ಆದಾಗ, ನೆರೆಮನೆಯವರ ಮುಂದೆ ತಮ್ಮ ಕಷ್ಟ ತೋಡಿಕೊಳ್ಳಲು ಜನ ಹಿಂಜರಿಯುತ್ತಾರೆ. ಅವರಿಗೆ ನನಗಿಂತ ಹೆಚ್ಚು ಹೋಗಿದೆಯಲ್ಲ ಎಂಬ ಸಂಕೋಚ. ಪರಸ್ಥಳದವರ ಮುಂದೆ ಆ ಲೆಕ್ಕ ಬೇಕಿಲ್ಲ.

ಖಾಲಿಯಾದ ಬಯಲು

ಈ ನಂಟು ನೆರೆಯೊಂದಿಗೆ ಮುಗಿಯಲಿಲ್ಲ. ಸಂಗ್ರಹಾಲಯ ಲೂಸಿಯರ್ ಅವರನ್ನು ಮತ್ತೆ ಕರೆಸಿತು. ಈ ಬಾರಿಯ ವಿಷಯ ಸದ್ದಿಲ್ಲದ ಆಪತ್ತು. ಬಯಲು ಸೀಮೆಯ ಹಳ್ಳಿಗಳು ಖಾಲಿಯಾಗುತ್ತಿದ್ದವು. ಯಂತ್ರಗಳು ಬಂದು ಹೊಲಗಳು ದೊಡ್ಡವಾದಂತೆ ಬೇಸಾಯಕ್ಕೆ ಬೇಕಾದ ಕೈಗಳು ಕಡಿಮೆಯಾದವು. ಮಕ್ಕಳಿಲ್ಲದೆ ಶಾಲೆಗಳು, ಭಕ್ತರಿಲ್ಲದೆ ಚರ್ಚುಗಳು ಮುಚ್ಚಿದವು. 1930ರ ಜನಗಣತಿಯಲ್ಲಿ ಉತ್ತರ ಡಕೋಟದ ಜನಸಂಖ್ಯೆ 6,80,845. ಎಪ್ಪತ್ತು ವರ್ಷಗಳ ನಂತರ, 2000ದಲ್ಲಿ, 6,42,200. ಇಡೀ ದೇಶದ ಜನಸಂಖ್ಯೆ ದುಪ್ಪಟ್ಟಿಗಿಂತ ಹೆಚ್ಚಾದ ಅವಧಿಯಲ್ಲಿ ಈ ರಾಜ್ಯದಲ್ಲಿ ಜನ ಕಡಿಮೆಯಾಗಿದ್ದರು.

2004ರಲ್ಲಿ ಲೂಸಿಯರ್ ರೂಪಿಸಿದ 'ದ ಪ್ಲೇನ್ಸ್ ಆಫ್ ಸ್ವೀಟ್ ರಿಗ್ರೆಟ್' ಈ ಖಾಲಿತನವನ್ನು ಹಿಡಿದ ಕೃತಿ. ಪಾಳುಬಿದ್ದ ತೋಟದ ಮನೆಗಳು, ನಿರ್ಜನ ಬಯಲು, ಅದರ ನಡುವೆ ಗೂಳಿ ಸವಾರಿಯ ರೋಡಿಯೊ ಆಟಗಳು ಅದರಲ್ಲಿವೆ. ಸುದ್ದಿ ಕ್ಯಾಮೆರಾಗಳು ಇಂಥದ್ದಕ್ಕೆ ಬರುವುದಿಲ್ಲ. ಒಡ್ಡು ಒಡೆದ ದಿನಕ್ಕೊಂದು ತಾರೀಖು ಇರುತ್ತದೆ. ಹಳ್ಳಿ ಖಾಲಿಯಾದ ದಿನ ಯಾವುದೆಂದು ಹೇಳುವುದು ಹೇಗೆ?

ಆಮೇಲೆ ಆ ರಾಜ್ಯದ ಪಶ್ಚಿಮದಲ್ಲಿ ಕಲ್ಲೆಣ್ಣೆಯ ಭರಾಟೆ ಶುರುವಾಗಿ ಜನ ಮತ್ತೆ ಬಂದರು. 2020ರ ಗಣತಿಯಲ್ಲಿ ಜನಸಂಖ್ಯೆ 7,79,094ಕ್ಕೆ ಏರಿತ್ತು. ಹಾಗೆಂದು 2004ರ ಕೃತಿ ಸುಳ್ಳಾಗಲಿಲ್ಲ. ಅಂದು ದಾಖಲಾದದ್ದು ಇಂದು ಇತಿಹಾಸವಾಗಿದೆ ಅಷ್ಟೆ.

ಕಲ್ಲು ಹೇಳದ ಮಾತು

ಇಂದು ಗ್ರ್ಯಾಂಡ್ ಫೋರ್ಕ್ಸ್‌ಗೆ ಹೋದವರಿಗೆ ನೆರೆಯ ಗುರುತುಗಳು ಅಷ್ಟಾಗಿ ಕಾಣುವುದಿಲ್ಲ. ನದಿಯಿಂದ ಹಿಂದೆ ಸರಿದು ಎತ್ತರದ ಒಡ್ಡುಗಳನ್ನು ಕಟ್ಟಲಾಗಿದೆ. ನದಿಗೂ ಒಡ್ಡಿಗೂ ನಡುವಿನ ಸಾವಿರಾರು ಎಕರೆ ಜಾಗ ಹಸಿರು ಬಯಲಾಗಿದೆ. ಲಿಂಕನ್ ಡ್ರೈವ್‌ನ ಮನೆಗಳಿದ್ದ ಜಾಗ ಈಗ ಉದ್ಯಾನ. ಪೇಟೆ ಬೀದಿಯ ಸೋರ್ಲಿ ಸೇತುವೆಯ ಬಳಿ ಕಲ್ಲಿನ ಸ್ತಂಭವೊಂದು ನಿಂತಿದ್ದು, ಯಾವ ವರ್ಷದ ನೆರೆ ಎಷ್ಟು ಎತ್ತರಕ್ಕೆ ಬಂತು ಎಂದು ತೋರಿಸುತ್ತದೆ.

ಸ್ತಂಭದ ಮೇಲಿನ ಗೆರೆ ಸತ್ಯವೇ. ಆದರೆ ಎಲ್ಲವನ್ನೂ ಹೇಳುವುದಿಲ್ಲ. ಅಷ್ಟು ಎತ್ತರದ ನೀರಿನಲ್ಲಿ ಯಾರ ಮನೆ ಇತ್ತು, ಅವರು ಏನನ್ನು ಎತ್ತಿಕೊಂಡು ಹೊರಟರು, ಏನನ್ನು ಬಿಟ್ಟರು, ಮರಳಿ ಬಂದಾಗ ಬಾಗಿಲು ಹೇಗೆ ತೆರೆದರು: ಇದನ್ನು ಹೇಳಲು ಅನುಭವಿಸಿದವರೇ ಬೇಕು. ಅವರೂ ಶಾಶ್ವತರಲ್ಲ. 1997ರಲ್ಲಿ ನಡುವಯಸ್ಸಿನಲ್ಲಿದ್ದವರು ಈಗ ಮುಪ್ಪಿನಲ್ಲಿದ್ದಾರೆ. ನೆರೆಯ ನಂತರ ಹುಟ್ಟಿದವರಿಗೆ ಆ ಉದ್ಯಾನ ಮೊದಲಿಂದಲೂ ಉದ್ಯಾನವೇ.

ಸಂಗ್ರಹಾಲಯವೆಂದರೆ ಹಳೆಯ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ಜಾಗ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವ್ಯಾಯಾಮ ಶಾಲೆಯಲ್ಲಿ ನೆಲೆಸಿದ ಒಂದು ಪುಟ್ಟ ಸಂಗ್ರಹಾಲಯ ಆ ಕೆಲಸವನ್ನು ಇನ್ನಷ್ಟು ವಿಸ್ತರಿಸಿ ತೋರಿಸಿತು. ಊರಿನ ವಸ್ತುಗಳೆಲ್ಲ ಲಾರಿ ಹತ್ತಿ ಹೋದಾಗ, ಉಳಿದಿದ್ದ ಮಾತನ್ನು ಅದು ಎತ್ತಿಟ್ಟುಕೊಂಡಿತು. ಅದಕ್ಕೆ ಬೇಕಾದದ್ದು ಒಂದು ಕ್ಯಾಮೆರಾ, ಅವಸರವಿಲ್ಲದ ಒಬ್ಬ ಕಲಾವಿದೆ, ಮಾತಾಡಲು ಒಪ್ಪಿದ ಜನ. ಇನ್ನೂ ಒಂದು ಬೇಕಿತ್ತು: ನೆನಪಿನ್ನೂ ಹಸಿಯಾಗಿರುವಾಗಲೇ ಕೇಳಬೇಕು ಎಂದು ಹೊಳೆಯುವ ಬುದ್ಧಿ.